ಒಂದು ಹೊಳೆ, ಹಲವು ಕಡತ

ಪರಿಸರ ವಿಜ್ಞಾನಿ ಎಂದು ಹೇಳಿಕೊಂಡ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, ಯಾವ ಪ್ರಾಣಿಯ ಮೇಲೆ ಸಂಶೋಧನೆ ಮಾಡುತ್ತೀರಿ ಎನ್ನುವುದು. ಹುಲಿ ಎಂದರೆ ಕುರ್ಚಿಯನ್ನು ಮುಂದಕ್ಕೆಳೆದುಕೊಳ್ಳುತ್ತಾರೆ, ಕಪ್ಪೆ ಎಂದರೆ ಸಣ್ಣಗೆ ನಕ್ಕು ಮಾತು ಬದಲಿಸುತ್ತಾರೆ. ಒಂದು ಹೊಳೆಯ ಮೇಲೆ ಎಂದರೆ ಮಾತ್ರ ಮುಂದೇನು ಕೇಳಬೇಕೆಂದು ಅವರಿಗೆ ತೋಚುವುದಿಲ್ಲ. ಇಂದಿನ ಮಾತು ಆ ಹೊಳೆಯ ಕುರಿತದ್ದು. ನಿಮ್ಮಲ್ಲಿ ಹೆಚ್ಚಿನವರು ಜೀವವಿಜ್ಞಾನದ ವಿದ್ಯಾರ್ಥಿಗಳು. ಈ ವೃತ್ತಿಗೆ ಬರುವ ಯೋಚನೆ ಕೆಲವರಿಗಾದರೂ ಇದ್ದೀತು. ಜೀವವೈವಿಧ್ಯ ಎಷ್ಟು ಮುಖ್ಯ ಎಂಬುದನ್ನು ನೀವು ಪಠ್ಯಪುಸ್ತಕಗಳಲ್ಲಿ ಸಾಕಷ್ಟು ಓದಿದ್ದೀರಿ. ಆದ್ದರಿಂದ ಅದನ್ನು ಮತ್ತೆ ವರ್ಣಿಸದೆ, ಒಂದು ಪ್ರದೇಶವನ್ನು ಉಳಿಸಿಕೊಳ್ಳುವ ಕೆಲಸದಲ್ಲಿ ಪರಿಸರ ವಿಜ್ಞಾನಿ ನಿಜವಾಗಿ ಮಾಡುವುದೇನು ಎಂಬುದನ್ನು ಉತ್ತರ ಕನ್ನಡದ ಅಘನಾಶಿನಿ ಕೊಳ್ಳವನ್ನು ಮುಂದಿಟ್ಟುಕೊಂಡು ಹೇಳುತ್ತೇನೆ.

ಶಿರಸಿಯ ಆಸುಪಾಸಿನ ಹಳ್ಳಗಳಿಂದ ಹುಟ್ಟಿ, ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿಯಲ್ಲಿ 116 ಮೀಟರ್ ಆಳಕ್ಕೆ ಧುಮುಕಿ, ಘಟ್ಟ ಇಳಿದು, ಮಿರ್ಜಾನದ ಬಳಿ ಅಗಲವಾಗಿ, ಕುಮಟಾ ತಾಲ್ಲೂಕಿನ ತದಡಿ ಮತ್ತು ಅಘನಾಶಿನಿ ಎಂಬ ಊರುಗಳ ನಡುವೆ ಸಮುದ್ರ ಸೇರುವ ಈ ಹೊಳೆಯ ಉದ್ದ ಸುಮಾರು 120 ಕಿ.ಮೀ. ಇದಕ್ಕೆ ಅಡ್ಡಲಾಗಿ ದೊಡ್ಡ ಅಣೆಕಟ್ಟು ಇಲ್ಲ. ಪಶ್ಚಿಮಕ್ಕೆ ಹರಿಯುವ ನಮ್ಮ ಹೊಳೆಗಳಲ್ಲಿ ಇದು ಸಣ್ಣ ಮಾತಲ್ಲ. ಆದರೆ ಸರ್ಕಾರಿ ಕಚೇರಿಗಳಲ್ಲಿ ಅಘನಾಶಿನಿ ಎಂಬ ಇಡೀ ಹೊಳೆ ಎಲ್ಲಿಯೂ ಸಿಗುವುದಿಲ್ಲ. ಮೇಲಿನ ಕಾಡು ಅರಣ್ಯ ಇಲಾಖೆಯ ಕಡತದಲ್ಲಿದೆ, ಅಡಿಕೆ ತೋಟ ತೋಟಗಾರಿಕೆಯವರಲ್ಲಿದೆ, ಹೊಳೆಯಂಚಿನ ಗದ್ದೆ ಕಂದಾಯದ ಪಹಣಿಯಲ್ಲಿದೆ, ಉಪ್ಪುನೀರು ತಡೆಯುವ ಕಟ್ಟೆ ನೀರಾವರಿಯವರ ಲೆಕ್ಕದಲ್ಲಿದೆ, ಹೊಳೆ ಸಮುದ್ರ ಸೇರುವ ಅಳಿವೆಯ ಮೀನು ಮೀನುಗಾರಿಕೆ ಇಲಾಖೆಗೆ, ಅಳಿವೆಯ ಬಾಯಿ ಬಂದರಿನವರಿಗೆ ಸೇರಿದೆ. ಒಬ್ಬೊಬ್ಬರೂ ತಮ್ಮ ತುಂಡನ್ನು ಸರಿಯಾಗಿಯೇ ನೋಡಿಕೊಳ್ಳುತ್ತಿರಬಹುದು. ಒಂದು ಕಡತದಲ್ಲಿ ತೆಗೆದುಕೊಂಡ ತೀರ್ಮಾನದ ಪರಿಣಾಮ ಇನ್ನೊಂದು ಕಡತದಲ್ಲಿ, ಹತ್ತು ವರ್ಷ ತಡವಾಗಿ, ಬೇರೆ ಹೆಸರಿನಲ್ಲಿ ದಾಖಲಾಗುತ್ತದೆ. ಈ ಎರಡರ ನಡುವಿನ ಸಂಬಂಧವನ್ನು ಪುರಾವೆ ಸಮೇತ ತೋರಿಸಿಕೊಡುವುದು ನಮ್ಮ ವೃತ್ತಿಯ ಮುಖ್ಯ ಕೆಲಸ ಎಂದು ನಾನು ತಿಳಿದಿದ್ದೇನೆ. ಅಪರೂಪದ ಜೀವಿಯನ್ನು ಹುಡುಕುವುದು ಅದರ ಒಂದು ಸಣ್ಣ ಭಾಗ.

ಇದು ಹೇಗೆಂದು ತಿಳಿಯಲು ಅಘನಾಶಿನಿಯ ಅಳಿವೆಯನ್ನೂ ಅದಕ್ಕೆ ತೀರ ಹತ್ತಿರದ, ಹೊನ್ನಾವರದ ಶರಾವತಿ ಅಳಿವೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎರಡೂ ಒಂದೇ ಕರಾವಳಿ, ಒಂದೇ ಮಳೆ, ಹೆಚ್ಚುಕಡಿಮೆ ಒಂದೇ ಬಗೆಯ ಮಣ್ಣು. ಅಘನಾಶಿನಿಯಲ್ಲಿ ಮಳೆಗಾಲದ ನಾಲ್ಕು ತಿಂಗಳು ನೀರು ಬಹುತೇಕ ಸಿಹಿಯಾಗಿರುತ್ತದೆ; ಮಳೆ ನಿಂತ ಮೇಲೆ ಹೊಳೆ ಸೊರಗುತ್ತ ಹೋದಂತೆ ಸಮುದ್ರದ ಉಪ್ಪು ಉಬ್ಬರದೊಂದಿಗೆ ಮೇಲೇರುತ್ತ, ಏಪ್ರಿಲ್–ಮೇ ಹೊತ್ತಿಗೆ ಅಳಿವೆಯ ಬಾಯಿಯ ನೀರು ಸಮುದ್ರದಷ್ಟೇ ಉಪ್ಪಾಗುತ್ತದೆ. ಈ ಏರಿಳಿತಕ್ಕೆ ಹೊಂದಿಕೊಂಡು ಬಾಳುವ ಜೀವಿಗಳೇ ಅಲ್ಲಿ ತುಂಬಿವೆ. ಶರಾವತಿಯಲ್ಲಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ವಿದ್ಯುತ್ತಿಗೆ ಬೇಡಿಕೆ ಬೇಸಿಗೆಯಲ್ಲೂ ಇರುವುದರಿಂದ, ಮಳೆಗಾಲದಲ್ಲಿ ಹಿಡಿದಿಟ್ಟ ಸಿಹಿನೀರು ಟರ್ಬೈನು ತಿರುಗಿಸಿ ವರ್ಷವಿಡೀ ಕೆಳಗಿಳಿಯುತ್ತದೆ. ಅಳಿವೆಗೆ ಬೇಸಿಗೆ ಎಂಬ ಕಾಲವೇ ಇಲ್ಲದಂತಾಗಿದೆ. ಉಪ್ಪು ಬೇಕಾದಷ್ಟು ಏರದೆ ತಿನ್ನುವ ಚಿಪ್ಪಿಕಲ್ಲುಗಳು ಬಹುಪಾಲು ಮರೆಯಾದವು, ಮೀನಿನ ಜಾತಿಗಳು ಕಡಿಮೆಯಾದವು. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿಯೂ ಉಪ್ಪು ಬೇಡುವ ಜಾತಿಗಳು ಹಿಂದೆ ಸರಿದು, ಸಿಹಿನೀರಿಗೆ ಒಗ್ಗಿದ ಸೊನರೇಶಿಯಾ ಜಾತಿಯ ಮರಗಳು ಮೇಲುಗೈ ಪಡೆದವು.

ಇಲ್ಲಿ ಸ್ವಲ್ಪ ನಿಲ್ಲಬೇಕು. ನೀರು ಕೆಟ್ಟಿತು ಎಂದರೆ ನಮಗೆ ನೆನಪಾಗುವುದು ಕಾರ್ಖಾನೆಯ ಕೊಳಚೆ. ಶರಾವತಿಯಲ್ಲಿ ಇಳಿದು ಬಂದದ್ದು ಶುದ್ಧವಾದ ಸಿಹಿನೀರು. ಮಾಲಿನ್ಯ ನಿಯಂತ್ರಣದ ಯಾವ ಪರೀಕ್ಷೆಯಲ್ಲಿಯೂ ಅದು ನಪಾಸಾಗುವುದಿಲ್ಲ. ತಪ್ಪಿದ್ದು ನೀರಿನ ಗುಣವಲ್ಲ, ಅದರ ಹೊತ್ತು. ಇಂಥ ಹಾನಿಯನ್ನು ಹೆಸರಿಸಲು ಒಂದು ಇಲಾಖೆಯ ನಮೂನೆಯಲ್ಲಿಯೂ ಕಾಲಂ ಇರುವುದಿಲ್ಲ. ಎರಡು ಅಳಿವೆಗಳಲ್ಲಿ ತಿಂಗಳು ತಿಂಗಳು ಉಪ್ಪಿನಂಶ ಅಳೆದು, ಬಲೆಗೆ ಬಿದ್ದ ಮೀನನ್ನು ಜಾತಿವಾರು ಬರೆದಿಟ್ಟು, ಅದನ್ನು ವರ್ಷಗಟ್ಟಲೆ ಮುಂದುವರಿಸಿದವರು ಇದ್ದುದರಿಂದ ಮಾತ್ರ ಇಂದು ನಾವು ಇದನ್ನು ಖಚಿತವಾಗಿ ಹೇಳಬಲ್ಲೆವು. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು ಕುಮಟಾದಲ್ಲಿ ನೆಲೆ ಮಾಡಿಕೊಂಡು ಮಾಡಿದ ಕೆಲಸ ಈ ವಿಷಯದಲ್ಲಿ ದೊಡ್ಡದು.

ಚಿಪ್ಪಿಕಲ್ಲಿನ ವಿಷಯವನ್ನು ಇನ್ನೂ ಸ್ವಲ್ಪ ಹೇಳುತ್ತೇನೆ, ಏಕೆಂದರೆ ಅದನ್ನು ಕಣ್ಣಾರೆ ನೋಡದೆ ಅಂದಾಜಾಗದು. ಇಳಿತದ ಹೊತ್ತಿಗೆ ಅಳಿವೆಯ ನಡುವೆ ಮರಳುದಿಬ್ಬಗಳು ಬೆನ್ನು ತೋರಿಸುತ್ತವೆ. ಅಂಬಿಗರು, ಹರಿಕಾಂತರು, ಹಾಲಕ್ಕಿ ಒಕ್ಕಲಿಗರು ದೋಣಿಯಲ್ಲಿ ಅಲ್ಲಿಗೆ ಹೋಗಿ, ಮೊಣಕಾಲುದ್ದದ ನೀರಿನಲ್ಲಿ ನಿಂತು ಬಳಚು ಎಂಬ ಈ ಚಿಪ್ಪಿಕಲ್ಲನ್ನು ಹೆಕ್ಕುತ್ತಾರೆ. ಅನುಭವಿ ಹೆಂಗಸರು ಬಗ್ಗುವುದಕ್ಕೆ ಮೊದಲು ಅಂಗಾಲಿನಿಂದಲೇ ತಡವಿ, ಕೆಳಗಿರುವುದು ಖಾಲಿ ಚಿಪ್ಪೋ ಜೀವಂತ ಬಳಚೋ ಎಂದು ತಿಳಿಯುತ್ತಾರೆ. ಒಮ್ಮೆ ಒಬ್ಬ ಅಜ್ಜಿ, ಬಳಚು ಎಣಿಸಲು ನಾನು ಮರಳಿನ ಮೇಲೆ ಇಟ್ಟ ಮಾದರಿ ಚೌಕಟ್ಟನ್ನು ನೋಡಿ, 'ತಮಾ, ನೀ ಇಟ್ಟಲ್ಲಿ ಮರಳು ದಪ್ಪ, ಅಲ್ಲಿ ಏನೂ ಸಿಕ್ಕೂದಿಲ್ಲ' ಎಂದು ಹೇಳಿದ್ದರು. ಚೌಕಟ್ಟನ್ನು ಸಿಗುವ ಕಡೆ ಇಟ್ಟರೆ ಅಂಕಿಅಂಶ ಹಾಳಾಗುತ್ತದೆಂದು ಅವರಿಗೆ ವಿವರಿಸುವುದು ಸುಲಭವಿರಲಿಲ್ಲ. ಆದರೆ ಮರಳಿನ ಕಣದ ಗಾತ್ರವನ್ನೂ ಅಳೆಯಬೇಕೆಂದು ಆ ದಿನ ನಮ್ಮ ಪಟ್ಟಿಗೆ ಸೇರಿತು. ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ನೇರವಾಗಿ ಕೂಲಿ ಕೊಟ್ಟ ಈ ದುಡಿಮೆ ಯಾವ ಉದ್ಯೋಗ ಖಾತರಿಯ ಲೆಕ್ಕದಲ್ಲಿಯೂ ಬರಲಿಲ್ಲ. ಅಳಿವೆಗೆ ಯೋಜನೆ ಹಾಕುವವರು ಆ ದಿಬ್ಬಗಳನ್ನು ಖಾಲಿ ಜಾಗ ಎಂದೇ ನಕ್ಷೆಯಲ್ಲಿ ತೋರಿಸುತ್ತಿದ್ದರು.

ಈಗ ಹೊಳೆಯ ಮೇಲ್ಭಾಗಕ್ಕೆ ಹೋಗೋಣ. ಘಟ್ಟದ ಮಡಿಲಲ್ಲಿ, ಹಳ್ಳಗಳು ನಿಧಾನವಾಗಿ ಹರಿಯುವ ತಗ್ಗುಗಳಲ್ಲಿ, ರಾಮಪತ್ರೆ ಜಡ್ಡಿಗಳಿವೆ. ಜಾಯಿಕಾಯಿ ಕುಟುಂಬದ ಮರಗಳು ವರ್ಷವಿಡೀ ನೀರು ನಿಂತ ಕೆಸರಿನಲ್ಲಿ ಬೆಳೆಯುವ ಕಾಡು ಇದು. ಉಸಿರಾಟಕ್ಕಾಗಿ ಪಿಂಡಿ ಮರದ ಬೇರುಗಳು ಕೆಸರಿನಿಂದ ಮೇಲೆದ್ದು, ಮಡಚಿದ ಮೊಣಕಾಲಿನಂತೆ ಬಾಗಿ ಮತ್ತೆ ಕೆಳಗಿಳಿಯುತ್ತವೆ. ಇನ್ನೊಂದು ಜಾತಿಯ ಮರಕ್ಕೆ ಕಾಂಡದಿಂದಲೇ ಊರುಗೋಲು ಬೇರುಗಳು ಹೊರಟಿರುತ್ತವೆ. ಬೀಜ ದಪ್ಪ, ಒಣಗಿದರೆ ಮೊಳೆಯುವ ಶಕ್ತಿ ಬೇಗನೆ ಹೋಗುತ್ತದೆ. ಹಾಗಾಗಿ ನಡುವೆ ಒಣನೆಲ ಬಂದರೆ ಒಂದು ಜಡ್ಡಿಯಿಂದ ಇನ್ನೊಂದಕ್ಕೆ ಬೀಜ ತಲುಪಲು ಮಂಗಟ್ಟೆಯಂಥ ದೊಡ್ಡ ಹಕ್ಕಿಗಳೇ ಬೇಕು. ಹಲವು ಜಡ್ಡಿಗಳು ಒಂದೆರಡು ಹೆಕ್ಟೇರ್ ಮೀರುವುದಿಲ್ಲ. ಉಪಗ್ರಹ ಚಿತ್ರದಲ್ಲಿ ಅವು ಸುತ್ತಲಿನ ನಿತ್ಯಹರಿದ್ವರ್ಣ ಕಾಡಿನೊಳಗೆ ಕರಗಿಹೋಗುತ್ತವೆ. ಅವನ್ನು ಗುರುತಿಸಲು ಇರುವ ದಾರಿ ಒಂದೇ, ಹಳ್ಳ ಹಿಡಿದು ನಡೆಯುವುದು.

ಶರಾವತಿ ಕೊಳ್ಳಕ್ಕೆ ಸೇರಿದ, ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಹಾಗೆ ನಡೆದಾಗ ಸಿಕ್ಕ ಗೇರು ಕುಟುಂಬದ ಒಂದು ಮರ ವಿಜ್ಞಾನಕ್ಕೇ ಹೊಸದಾಗಿತ್ತು. 2000ದಲ್ಲಿ ಅದಕ್ಕೆ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಆ ಕಾಡಿನ ಹೆಸರನ್ನೇ ಇಡಲಾಯಿತು. ಹಾಗೆಯೇ, ದಕ್ಷಿಣದ ತಿರುವಾಂಕೂರಿನ ಕಡೆಗಷ್ಟೇ ಸೀಮಿತ ಎಂದುಕೊಂಡಿದ್ದ ಮಧುಕಾ ಬೋರ್ಡಿಲೋನಿಯಂಥ ಮರಗಳೂ ಅಲ್ಲಿ ಕಂಡವು. ಪತ್ರಿಕೆಗಳಿಗೆ ಇದು ಸುದ್ದಿ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು, ಈ ಜಡ್ಡಿಗಳಿಂದ ಹೊರಡುವ ಹಳ್ಳಗಳು ಬೇಸಿಗೆಯಲ್ಲಿಯೂ ಹರಿಯುತ್ತವೆ ಎನ್ನುವುದು. ತಗ್ಗು, ನೀರು, ಗೊಬ್ಬರದಂಥ ಮಣ್ಣು ಮೂರೂ ಒಟ್ಟಿಗಿರುವ ಜಾಗ ಅಡಿಕೆ ತೋಟಕ್ಕೂ ಹೇಳಿಮಾಡಿಸಿದ್ದು. ಮಲೆನಾಡಿನ ಎಷ್ಟೋ ಹಳೆಯ ತೋಟಗಳು ಒಂದು ಕಾಲಕ್ಕೆ ಜಡ್ಡಿಗಳೇ ಆಗಿದ್ದಿರಬೇಕು. ಅದಕ್ಕಾಗಿ ಇಂದಿನ ತೋಟಿಗರನ್ನು ದೂರುವುದರಲ್ಲಿ ಅರ್ಥವಿಲ್ಲ. ಉಳಿದಿರುವ ಜಡ್ಡಿಗೆ ಬಸಿಗಾಲುವೆ ತೋಡಿದರೆ ಕೆಳಗಿನ ತೋಟದ ಏಪ್ರಿಲ್ ನೀರು ಎಷ್ಟು ಇಳಿಯುತ್ತದೆ ಎಂದು ಅವರ ಹಳ್ಳದಲ್ಲೇ ಅಳತೆ ಮಾಡಿ ತೋರಿಸಿದರೆ, ಮಾತು ಮುಂದುವರಿಯುತ್ತದೆ. ತೋಟಿಗರಿಗೆ ನೀರಿನ ಭಾಷೆ ನಮಗಿಂತ ಚೆನ್ನಾಗಿ ಬರುತ್ತದೆ.

ಸ್ಥಳೀಯರ ತಿಳಿವಳಿಕೆಯ ಮಾತು ಬಂದಾಗ ಒಂದು ಹಳೆಯ ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ, ವಿಷಯ ತುಸು ಆಚೆಗೆ ಹೋದರೂ ಚಿಂತೆಯಿಲ್ಲ. 1970ರ ದಶಕದಲ್ಲಿ ಉತ್ತರ ಕನ್ನಡದ ಬಿದಿರು ವೇಗವಾಗಿ ಬರಿದಾಗುತ್ತಿತ್ತು. ಕಾಗದ ಕಾರ್ಖಾನೆಯ ಕಡೆಯವರು ಹಳ್ಳಿಯವರ ದನಗಳನ್ನು ದೂರಿದರೆ, ಹಳ್ಳಿಯವರು ಕಾರ್ಖಾನೆಯನ್ನು ದೂರುತ್ತಿದ್ದರು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಮತ್ತು ಅವರ ಸಹೋದ್ಯೋಗಿಗಳು ಬಿದಿರು ಮೆಳೆಗಳ ಬುಡದಲ್ಲಿ ಕುಳಿತು ಅಧ್ಯಯನ ಮಾಡಿದರು. ಮೆಳೆ ಚೆನ್ನಾಗಿ ಬೆಳೆಯಲೆಂದು ಅದರ ಬುಡದಲ್ಲಿ ಹೆಣೆದುಕೊಂಡಿರುವ ಮುಳ್ಳಿನ ಹೊದಿಕೆಯನ್ನು ಕಡಿದು ಶುಚಿ ಮಾಡಬೇಕು ಎನ್ನುವುದು ಆಗಿನ ಅರಣ್ಯಶಾಸ್ತ್ರದ ನಿಯಮವಾಗಿತ್ತು. ಹೊದಿಕೆ ಹೋದ ಕೂಡಲೇ ಎಳೆ ಕಳಲೆ ದನಕ್ಕೂ ಕಾಡುಪ್ರಾಣಿಗೂ ಸಲೀಸಾಗಿ ಸಿಗುತ್ತಿತ್ತು. ಹೊಸ ಗಳ ಏಳುತ್ತಲೇ ಇರಲಿಲ್ಲ. ಮುಳ್ಳು ತೆಗೆದರೆ ಮೆಳೆ ಸಾಯುತ್ತದೆ ಎಂದು ಊರಿನವರು ಮೊದಲಿನಿಂದ ಹೇಳುತ್ತಿದ್ದರು. ಊರಿನವರು ಹೇಳಿದ್ದೆಲ್ಲ ಸರಿ ಎಂದು ಇದರಿಂದ ತೀರ್ಮಾನಿಸಬೇಡಿ. ಅವರು ಹೇಳಿದ್ದನ್ನು ಪರೀಕ್ಷೆಗೊಡ್ಡಬಹುದಾದ ಹೇಳಿಕೆಯಾಗಿ ತೆಗೆದುಕೊಂಡು, ಮುಳ್ಳು ತೆಗೆದ ಮತ್ತು ತೆಗೆಯದ ಮೆಳೆಗಳನ್ನು ಹೋಲಿಸಿ ನೋಡಿದ್ದು ಆ ಅಧ್ಯಯನದ ಹೆಚ್ಚುಗಾರಿಕೆ.

ಸಿಂಗಳೀಕದ ವಿಷಯದಲ್ಲಿಯೂ ಎಣಿಕೆಯೇ ದಾರಿ ತೆರೆಯಿತು. ಶಿರಸಿ–ಹೊನ್ನಾವರ ಘಟ್ಟದ ಕಾಡುಗಳಲ್ಲಿ 30ಕ್ಕೂ ಹೆಚ್ಚು ಗುಂಪುಗಳಿವೆ ಎಂದು ಸಂಶೋಧಕರಾದ ಎಚ್.ಎನ್. ಕುಮಾರ, ಮೇವಾ ಸಿಂಗ್ ಮುಂತಾದವರು 2000ದ ದಶಕದಲ್ಲಿ ತೋರಿಸುವವರೆಗೆ, ಅಭಯಾರಣ್ಯಗಳ ಹೊರಗೆ ಇಷ್ಟು ದೊಡ್ಡ ಸಂಖ್ಯೆ ಇದ್ದೀತೆಂದು ಯಾರ ಕಡತದಲ್ಲಿಯೂ ಇರಲಿಲ್ಲ. 2011ರಲ್ಲಿ ಸುಮಾರು 300 ಚದರ ಕಿ.ಮೀ. ಕಾಡು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಎಂದು ಘೋಷಣೆಯಾಯಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರ ತಿದ್ದುಪಡಿಯಲ್ಲಿ ಸೇರಿದ ಈ ಬಗೆಯ ಮೀಸಲನ್ನು ಸ್ಥಳೀಯರೊಂದಿಗೆ ಸಮಾಲೋಚಿಸಿ ಘೋಷಿಸಬೇಕು. ಜನರ ಹಕ್ಕುಗಳು ಅಭಯಾರಣ್ಯದಲ್ಲಿ ಮೊಟಕಾಗುವಂತೆ ಇಲ್ಲಿ ಆಗುವುದಿಲ್ಲ. ಅಲ್ಲಿನ ಜನ ಒಪ್ಪಿದ್ದೂ ಬಹುಮಟ್ಟಿಗೆ ಅದಕ್ಕಾಗಿಯೇ.

ಆ ಒಪ್ಪಿಗೆ ಏಕೆ ಬೇಕಾಗಿತ್ತು ಎಂದರೆ, ಉಪ್ಪಾಗೆ ಎಂಬ ಕಾಡುಹಣ್ಣಿನ ಕಾರಣದಿಂದ. ತೂಕ ಇಳಿಸುವ ಔಷಧಿಗೆ ಬೇಕೆಂದು ಉಪ್ಪಾಗೆ ಸಿಪ್ಪೆಗೆ 1990ರ ದಶಕದಲ್ಲಿ ಒಮ್ಮೆಲೇ ಬೆಲೆ ಬಂತು. ಹಣ್ಣಾಗುವವರೆಗೆ ಕಾಯುತ್ತ ಕೂತರೆ ಬೇರೆಯವರು ಕೊಯ್ಯುತ್ತಾರೆಂದು ಕಾಯಿಯನ್ನೇ ಇಳಿಸತೊಡಗಿದರು, ಕೆಲವೆಡೆ ಟೊಂಗೆಗಳನ್ನೇ ಕಡಿದರು. ಹಣ್ಣು ಬರುವುದು ಸುರಿಯುವ ಮಳೆಯಲ್ಲಿ, ಆದ್ದರಿಂದ ಸಿಪ್ಪೆಯನ್ನು ಅಟ್ಟದ ಮೇಲೆ ಹರಡಿ ಕೆಳಗೆ ಹಗಲಿರುಳು ಬೆಂಕಿ ಹಾಕಿ ಒಣಗಿಸಬೇಕು. ಕಟ್ಟಿಗೆಯ ಲೆಕ್ಕ ಬೇರೆ. ಅದೇ ಹಣ್ಣು ಸಿಂಗಳೀಕದ ಮಳೆಗಾಲದ ಆಹಾರ. ಕೊಯ್ಲು ನಿಷೇಧಿಸಿದರೆ ಕೂಲಿಯವನ ಆ ವರ್ಷದ ಕೈಗಾಸು ಹೋಗುತ್ತದೆ, ಮತ್ತು ಕೊಯ್ಲು ರಾತ್ರಿ ನಡೆಯುತ್ತದೆ. ಹಣ್ಣಾದ ಮೇಲೆ ಕೊಯ್ಯುವುದು, ಮರದಲ್ಲಿ ಒಂದು ಪಾಲು ಬಿಡುವುದು, ಕಟ್ಟಿಗೆ ಕಡಿಮೆ ಉರಿಯುವ ಒಲೆ ಬಳಸುವುದು ಇವೆಲ್ಲ ಊರಿನ ಅರಣ್ಯ ಸಮಿತಿಯ ಸಭೆಯಲ್ಲಿ ಜಗಳವಾಡಿ ಒಪ್ಪಿಸಬೇಕಾದ ಸಂಗತಿಗಳು. ಇದನ್ನು ಯಾವ ಸಂಶೋಧನಾ ಲೇಖನವೂ ನಿಮಗೆ ಕಲಿಸುವುದಿಲ್ಲ. 2019ರಲ್ಲಿ ಈ ಮೀಸಲಿನ ಕಾಡುಗಳನ್ನು ಶರಾವತಿ ಕಣಿವೆ ಅಭಯಾರಣ್ಯಕ್ಕೆ ಕೂಡಿಸಿ 930 ಚದರ ಕಿ.ಮೀ. ವಿಸ್ತಾರದ ಸಿಂಗಳೀಕ ಅಭಯಾರಣ್ಯ ಮಾಡಲಾಯಿತು. ನಕ್ಷೆಯ ಮೇಲೆ ರಕ್ಷಣೆ ಗಟ್ಟಿಯಾಯಿತು ಎನ್ನುವುದು ನಿಜ. ಆದರೆ ಸಮಾಲೋಚನೆಯ ಆಧಾರದ ಮೇಲೆ ನಿಂತಿದ್ದ ಸಂಬಂಧವೊಂದನ್ನು ಅಧಿಸೂಚನೆಯ ಆಧಾರದ ಮೇಲೆ ನಿಲ್ಲಿಸಿದ್ದರ ಬೆಲೆಯನ್ನು ನಾವು ಸರಿಯಾಗಿ ಲೆಕ್ಕ ಹಾಕಿಲ್ಲ ಎಂದೇ ನನ್ನ ಅಭಿಪ್ರಾಯ.

ಮತ್ತೆ ಅಳಿವೆಗೆ ಇಳಿಯೋಣ. ಮಾಣಿಕಟ್ಟಾ ಸುತ್ತಮುತ್ತಲಿನ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತವನ್ನು ನೀವು ನೋಡಿರಬಹುದು. ಎತ್ತರದ ಪೈರು, ಹಕ್ಕಿ ಸುಲಭಕ್ಕೆ ಬಾಯಿ ಹಾಕಲಾರದಷ್ಟು ಉದ್ದ ಮೀಸೆ. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುತ್ತದೆ, ಗೊಬ್ಬರ ಬೇಡುವುದಿಲ್ಲ. ಜೂನ್ ಮಳೆ ಗದ್ದೆಯ ಉಪ್ಪನ್ನು ತೊಳೆದ ಮೇಲೆ ಬಿತ್ತನೆ, ಮಳೆ ಮುಗಿದ ಮೇಲೆ ಕೊಯ್ಲು. ಕೊಯ್ಲಾದ ಬಳಿಕ ತೂಬಿನ ಹಲಗೆ ಎತ್ತಿದರೆ ಉಬ್ಬರದ ನೀರಿನೊಂದಿಗೆ ಶೆಟ್ಲಿ (ಸಿಗಡಿ), ಮೀನು ಒಳಗೆ ಬಂದು ಕೂಳೆಯ ನಡುವೆ ಬೆಳೆಯುತ್ತವೆ. ಒಂದೇ ಜಾಗ ಅರ್ಧ ವರ್ಷ ಗದ್ದೆ, ಅರ್ಧ ವರ್ಷ ಅಳಿವೆ. ಮಣ್ಣಿನ ಕಟ್ಟೆಯನ್ನು ಊರವರೇ ಕೂಡಿ ವರ್ಷವರ್ಷ ದುರಸ್ತಿ ಮಾಡುತ್ತಿದ್ದರು. 1970ರ ದಶಕದಿಂದ ಸರ್ಕಾರವೇ ಉಪ್ಪುನೀರು ತಡೆಯುವ ಖಾರ್‌ಲ್ಯಾಂಡ್ ಕಟ್ಟೆಗಳನ್ನು ಗಟ್ಟಿಯಾಗಿ ಕಟ್ಟಿಸಿಕೊಟ್ಟಿತು. ಒಳ್ಳೆಯ ಉದ್ದೇಶದ ಕೆಲಸ. ಕಟ್ಟೆ ಗಟ್ಟಿಯಾದಂತೆ ಕೂಡಿ ದುಡಿಯುವ ಅಗತ್ಯ ಸಡಿಲವಾಯಿತು, ಶೆಟ್ಲಿಗೆ ಬೆಲೆ ಬಂದಾಗ ಗುತ್ತಿಗೆದಾರರು ಬಂದರು, ಉಪ್ಪುನೀರನ್ನು ವರ್ಷವಿಡೀ ಒಳಗೇ ನಿಲ್ಲಿಸಿದರು, ಕಗ್ಗ ಬಿತ್ತುವವರಿಲ್ಲವಾದರು. 1990ರ ದಶಕದ ನಡುವಿನಲ್ಲಿ ಬಿಳಿಚುಕ್ಕೆ ರೋಗ ಬಂದು ಸಿಗಡಿ ಕೃಷಿಯೇ ನೆಲಕಚ್ಚಿತು. ಕರಾವಳಿಯ ಸಿಗಡಿ ಹೊಂಡಗಳ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 1996ರ ಡಿಸೆಂಬರಿನಲ್ಲಿ. ಎಷ್ಟೋ ಗದ್ದೆ ಮತ್ತೆ ಗದ್ದೆಯಾಗಲಿಲ್ಲ. ಇಂದು ಕಗ್ಗ ಬೆಳೆಯುವ ರೈತನಿಗೆ ಸಹಾಯ ಮಾಡಬೇಕೆಂದರೆ ಕೃಷಿ ಇಲಾಖೆ ಬೀಜದ ಬಗ್ಗೆ ಮಾತಾಡುತ್ತದೆ, ನೀರಾವರಿಯವರು ಕಟ್ಟೆಯ ಬಗ್ಗೆ, ಮೀನುಗಾರಿಕೆಯವರು ಮರಿ ಬಿಡುವ ಬಗ್ಗೆ. ಮೂವರನ್ನೂ ಒಂದೇ ತೂಬಿನ ಮುಂದೆ ಒಂದೇ ದಿನ ನಿಲ್ಲಿಸುವುದು ನನ್ನ ವೃತ್ತಿಜೀವನದ ಅತಿ ಕಷ್ಟದ ಕೆಲಸಗಳಲ್ಲಿ ಒಂದು.

ಕೊನೆಯದಾಗಿ, ದೊಡ್ಡ ಯೋಜನೆಗಳ ವಿಷಯ. ತದಡಿಯಲ್ಲಿ 4,000 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾವ ಬಂದು ಹೋಯಿತು, ಬಂದರಿನ ಪ್ರಸ್ತಾವ ಬಂತು, ಹೊಳೆಯ ನೀರನ್ನು ಬಯಲುಸೀಮೆಯ ವೇದಾವತಿ ನದಿಯ ಕಡೆಗೆ ತಿರುಗಿಸುವ ಮಾತು ಆಗಾಗ ಏಳುತ್ತದೆ. ಇಂಥ ಸಂದರ್ಭದಲ್ಲಿ ಭಾಷಣ ಮಾಡುವವರು ಬೇಕಾದಷ್ಟು ಜನ ಇರುತ್ತಾರೆ. ಪರಿಸರ ಪರಿಣಾಮದ ವರದಿಯನ್ನು ಮೊದಲ ಪುಟದಿಂದ ಅನುಬಂಧದವರೆಗೆ ಓದುವವರು ಕಡಿಮೆ. ಓದಿದರೆ ನಿಮಗೆ ಮೊದಲು ಕಾಣುವುದು, ಅಂಕಿಅಂಶ ಸಂಗ್ರಹಿಸಿದ ಕಾಲ. ಹೆಚ್ಚಿನ ಯೋಜನೆಗಳಿಗೆ ಒಂದು ಋತುವಿನ, ಅದೂ ಮಳೆಗಾಲ ಬಿಟ್ಟು ಉಳಿದ ಋತುವಿನ ಮಾಹಿತಿ ಸಾಕು ಎನ್ನುವ ರೂಢಿಯಿದೆ. ಬಯಲುಸೀಮೆಯಲ್ಲಿ ಇದರಿಂದ ಎಷ್ಟು ನಷ್ಟವೋ ಬೇರೆ ಮಾತು. ವರ್ಷದ ಹೆಚ್ಚುಕಡಿಮೆ ಎಲ್ಲ ನೀರೂ ನಾಲ್ಕು ತಿಂಗಳಲ್ಲಿ ಬರುವ ಹೊಳೆಯನ್ನು ಜನವರಿಯಲ್ಲಿ ನೋಡಿ ವರದಿ ಬರೆದರೆ, ಅದು ಬೇರೊಂದು ಹೊಳೆಯ ವರದಿಯಾಗುತ್ತದೆ. ಪರಿಸರ ಪರಿಣಾಮ ಅಧ್ಯಯನದ 2006ರ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆಗೆ 30 ದಿನ ಮುಂಚೆ ಪ್ರಕಟಣೆ ಕೊಡಬೇಕು. ಆ ಮೂವತ್ತು ದಿನದಲ್ಲಿ ನೀವು ಹೊಸದಾಗಿ ಅಧ್ಯಯನ ಮಾಡಲಾರಿರಿ. ಹತ್ತು ವರ್ಷ ಹಿಂದಿನಿಂದ ಬರೆದಿಟ್ಟ ಉಪ್ಪಿನಂಶದ ಕೋಷ್ಟಕ ನಿಮ್ಮ ಕೈಯಲ್ಲಿದ್ದರೆ ಮಾತ್ರ ಸಭೆಯಲ್ಲಿ ನಿಮ್ಮ ಮಾತು ನಡಾವಳಿಗೆ ಸೇರುತ್ತದೆ. ನೀರು ಸಮುದ್ರಕ್ಕೆ ಸೇರಿ ವ್ಯರ್ಥವಾಗುತ್ತಿದೆ ಎಂದು ಎದುರಿನವರು ಹೇಳಿದಾಗ, ಆ ನೀರು ಯಾವ ತಿಂಗಳು ಎಷ್ಟು ಇಳಿದರೆ ಬಳಚಿನ ಮರಿ ನೆಲೆ ಹಿಡಿಯುತ್ತದೆ, ಕಗ್ಗದ ಗದ್ದೆಯ ಉಪ್ಪು ತೊಳೆಯುತ್ತದೆ ಎಂದು ಸಂಖ್ಯೆಯಲ್ಲಿ ಹೇಳಬೇಕಾಗುತ್ತದೆ.

ಈ ವೃತ್ತಿಯ ಲೌಕಿಕವನ್ನೂ ಮುಚ್ಚಿಡಬಾರದು. ಹೆಚ್ಚಿನ ಕೆಲಸಗಳು ಎರಡು ಮೂರು ವರ್ಷದ ಅನುದಾನದ ಮೇಲೆ ನಡೆಯುತ್ತವೆ. ಹೊಳೆಗೆ ಬೇಕಾಗಿರುವುದು ಇಪ್ಪತ್ತು ವರ್ಷದ ದಾಖಲೆ. ಈ ಅಂತರವನ್ನು ಊರಿನವರ ಕೈಯಲ್ಲಿ ದಾಖಲೆ ಬಿಟ್ಟೇ ತುಂಬಬೇಕು. ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಹಲವು ಕಡೆ ಅದು ಗಡುವಿಗೆ ತುಂಬಿಸಿದ ಪುಸ್ತಕವಾಗಿ ಕಪಾಟಿನಲ್ಲಿದೆ. ಪಕ್ಕದ ಪಂಚಾಯಿತಿಯ ಪಟ್ಟಿಯೇ ಅಕ್ಷರದ ತಪ್ಪು ಸಮೇತ ಇಲ್ಲಿಯೂ ಕಾಣುತ್ತದೆ. ಅದನ್ನು ಹೊರತೆಗೆದು, ನಿಮ್ಮ ಊರಿನ ಜಡ್ಡಿ ಯಾವ ಸರ್ವೆ ನಂಬರಿನಲ್ಲಿದೆ, ಹಳ್ಳ ಯಾವ ತಿಂಗಳು ಬತ್ತುತ್ತದೆ ಎಂದು ಬರೆಯಿಸಲು ಪಿಎಚ್.ಡಿ. ಬೇಕಾಗಿಲ್ಲ.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳಾದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಸಂತೋಷದ ಸಂಗತಿ. ಆದರೆ ತಾಣದ ಗಡಿ ಅಳಿವೆಯ ಸುತ್ತ ಮುಗಿಯುತ್ತದೆ, ಅದರ ಉಪ್ಪು-ಸಿಹಿಯ ಲೆಕ್ಕ ತೀರ್ಮಾನವಾಗುವುದು ಘಟ್ಟದ ಮೇಲಿನ ಹಳ್ಳಗಳಲ್ಲಿ. ಆ ಹಳ್ಳಗಳಿಗೆ ನಿರಂತರ ಅಳತೆ ಇಲ್ಲ. ಬರುವ ಜೂನ್‌ನಲ್ಲಿ ಉಂಚಳ್ಳಿಯ ಮೇಲ್ಭಾಗದ ಕೆಲವು ಹಳ್ಳಗಳಲ್ಲಿ ಅಳತೆಪಟ್ಟಿ ನೆಟ್ಟು, ಮಳೆಗಾಲ ಪೂರ್ತಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೀರಿನ ಮಟ್ಟ ಬರೆಯುವ ಕೆಲಸ ಶುರುವಾಗಲಿದೆ. ಆ ಕಡೆಯ ಊರಿನವರು ನಿಮ್ಮಲ್ಲಿದ್ದರೆ ಸಭೆ ಮುಗಿದ ಮೇಲೆ ಹೆಸರು ಬರೆಸಿ. ಛತ್ರಿ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಕಂಬಳಿಕೊಪ್ಪೆ ತನ್ನಿ. ಉಂಬಳಗಳಿಗೆ (ಜಿಗಣೆಗಳಿಗೆ) ಸುಣ್ಣ-ಹೊಗೆಸೊಪ್ಪು ನಾವೇ ಇಟ್ಟಿರುತ್ತೇವೆ.